ನಡೆಯುವ ಯುದ್ಧಯಂತ್ರಗಳ ಚಿತ್ರಪುಸ್ತಕ: ಕಾಗದ, ಟ್ಯಾಬ್ಲೆಟ್, ಬ್ಲೆಂಡರ್, ಪ್ಲಾಸ್ಟಿಕ್ ಮಾದರಿ – ಯಾವುದು ಯಾವುದಕ್ಕೆ?

ಒಂದೇ ಒಂದು ಚಿತ್ರ ಬರೆಯುವುದಾದರೆ ಯಾವ ದಾರಿ ಹಿಡಿದರೂ ನಡೆಯುತ್ತದೆ. 64 ಪುಟಗಳ ಪುಸ್ತಕಕ್ಕೆ ಹಾಗಲ್ಲ. 5ನೇ ಪುಟದಲ್ಲಿ ಮುಂದಿನಿಂದ ಕಂಡ ಯಂತ್ರ 41ನೇ ಪುಟದಲ್ಲಿ ಹಿಂದಿನಿಂದಲೋ, ಕೆಳಗಿನಿಂದಲೋ, ಮುರಿದು ಬಿದ್ದ ಸ್ಥಿತಿಯಲ್ಲೋ ಮತ್ತೆ ಬರುತ್ತದೆ. ಆಗಲೂ ಮೊಣಕಾಲಿನ ಕೀಲು ಅದೇ ಜಾಗದಲ್ಲಿರಬೇಕು, ಏಣಿಯ ಮೆಟ್ಟಿಲುಗಳು ಅಷ್ಟೇ ಇರಬೇಕು, ಪಾದದ ಗಾತ್ರ ಬದಲಾಗಬಾರದು. ಇಲ್ಲದ ಲೋಕವೊಂದನ್ನು ಓದುಗರು ನಂಬುವುದು ಈ ಹೊಂದಾಣಿಕೆಯಿಂದ; ಬಣ್ಣದ ಬೆಡಗಿನಿಂದ ಅಲ್ಲ. ಹಾಗಾಗಿ ಕಾಗದ, ಟ್ಯಾಬ್ಲೆಟ್, ಬ್ಲೆಂಡರ್ (3ಡಿ ಮಾದರಿ ರೂಪಿಸುವ ಉಚಿತ ತಂತ್ರಾಂಶ), ಪ್ಲಾಸ್ಟಿಕ್ ಮಾದರಿ – ಈ ನಾಲ್ಕು ವಿಧಾನಗಳನ್ನೂ ನಾವು ನೋಡಿದ್ದು ಎರಡೇ ಪ್ರಶ್ನೆ ಇಟ್ಟುಕೊಂಡು. ಪುಟದಿಂದ ಪುಟಕ್ಕೆ ಅದು ಅದೇ ಯಂತ್ರವಾಗಿ ಉಳಿಯುತ್ತದೆಯೇ? ಅದರ ಭಾರ ನೆಲದ ಮೇಲೆ ಬಿದ್ದಂತೆ ಕಾಣುತ್ತದೆಯೇ?

ಪರೀಕ್ಷೆಗೆ ಎಲ್ಲ ಕಡೆಯೂ ಒಂದೇ ಯಂತ್ರ: 9 ಮೀಟರ್ ಎತ್ತರ, 60 ಟನ್ ತೂಕ, ನಾಲ್ಕು ಕಾಲು. ಚಿತ್ರಗಳು ಮೂರು: ಒಳಭಾಗ ಸೀಳಿ ತೋರಿಸುವ ಪಕ್ಕನೋಟ, ಕೆಸರಿನಲ್ಲಿ ನಡೆಯುವ ಜೋಡಿಪುಟದ ದೃಶ್ಯ, ಮೊಣಕಾಲಿನ ಕೀಲಿಗೆ ಗ್ರೀಸ್ ತುಂಬುತ್ತಿರುವ ಸಿಬ್ಬಂದಿಯ ಸಣ್ಣ ಚಿತ್ರ. ಪುಸ್ತಕದ ಅಳತೆ ಎ4, ಪುಟ ಎತ್ತರವಾಗಿ ನಿಂತಂತೆ (ಪೋರ್ಟ್ರೇಟ್).

ಮೊದಲು ಪಾದದ ಲೆಕ್ಕ

ಯಾವ ವಿಧಾನವಾದರೂ ಸರಿ, ಈ ಲೆಕ್ಕ ಮಾಡದೆ ಪೆನ್ಸಿಲ್ ಎತ್ತಬೇಡಿ. ನಾಲ್ಕು ಕಾಲಿನ ಭಾರೀ ಯಂತ್ರ ನಿಧಾನವಾಗಿ ನಡೆಯುವಾಗ ಒಂದು ಕಾಲು ಮೇಲಿರುತ್ತದೆ, ಮೂರು ನೆಲದಲ್ಲಿರುತ್ತವೆ. ಒಟ್ಟು ತೂಕದ ಕೇಂದ್ರ ಆ ಮೂರು ಪಾದಗಳ ತ್ರಿಕೋನದ ಒಳಗೇ ಬೀಳಬೇಕು. ಹೊರಗೆ ಬಿದ್ದರೆ ಚಿತ್ರದಲ್ಲಿ ಯಂತ್ರ ಮುಗ್ಗರಿಸುವಂತೆ ಕಾಣುತ್ತದೆ, ಏಕೆಂದು ಓದುಗರಿಗೆ ಹೇಳಲು ಬಾರದಿದ್ದರೂ. 60 ಟನ್ ಮೂರು ಪಾದಗಳಿಗೆ ಹಂಚಿದರೆ ಸರಾಸರಿ 20 ಟನ್. ಪಾದ 2 ಚದರ ಮೀಟರ್ ಇದ್ದರೆ, ಅಂದರೆ ಸುಮಾರು 1.6 ಮೀಟರ್ ವ್ಯಾಸದ ದುಂಡು ಪಾದವಾದರೆ, ನೆಲದ ಮೇಲಿನ ಒತ್ತಡ ಚದರ ಸೆಂಟಿಮೀಟರಿಗೆ 1 ಕಿಲೋ. ಇಂದಿನ ಭಾರೀ ಟ್ಯಾಂಕುಗಳ ಒತ್ತಡವೂ ಹೆಚ್ಚುಕಡಿಮೆ ಇಷ್ಟೇ. ಅದೇ ಯಂತ್ರಕ್ಕೆ ಎರಡೇ ಕಾಲು ಕೊಟ್ಟರೆ ನಡೆಯುವಾಗ 60 ಟನ್ನೂ ಒಂದೇ ಪಾದದ ಮೇಲೆ. ಅದೇ ಒತ್ತಡ ಉಳಿಸಲು 2 ಮೀಟರ್ ಅಗಲ, 3 ಮೀಟರ್ ಉದ್ದದ ಪಾದ ಬೇಕು. ಸಣ್ಣ ಪಾದದ ಎರಡು ಕಾಲಿನ ದೈತ್ಯರು ಕಾಗದದ ಗೊಂಬೆಗಳಂತೆ ಕಾಣುವುದು ಇದೇ ಕಾರಣಕ್ಕೆ.

ಎತ್ತರ ಇಮ್ಮಡಿ ಮಾಡುವಾಗಲೂ ಜಾಗ್ರತೆ ಬೇಕು. ಎಲ್ಲ ಅಳತೆಯನ್ನೂ ಇಮ್ಮಡಿಸಿದರೆ ತೂಕ ಎಂಟು ಪಟ್ಟು, ಪಾದದ ವಿಸ್ತೀರ್ಣ ನಾಲ್ಕೇ ಪಟ್ಟು, ಒತ್ತಡ ಎರಡು ಪಟ್ಟು. ದೊಡ್ಡಣ್ಣನ ಕಾಲು ತಮ್ಮನ ಕಾಲಿನ ಹಿಗ್ಗಿಸಿದ ಪ್ರತಿಯಾಗಿರಲು ಸಾಧ್ಯವಿಲ್ಲ. ಅದು ದಪ್ಪಗೆ, ಗಿಡ್ಡಗೆ, ಪಾದ ಅಗಲವಾಗಿ ಬರಬೇಕು.

ನೋಡಿ ಕಲಿಯಲು ನಿಜವಾದ ಯಂತ್ರಗಳೂ ಇವೆ. ಗಣಿಗಳಲ್ಲಿ ಮಣ್ಣು ತೆಗೆಯುವ ದೈತ್ಯ ಯಂತ್ರ ವಾಕಿಂಗ್ ಡ್ರ್ಯಾಗ್‌ಲೈನ್ ಅಗೆಯುವಾಗ ದುಂಡನೆಯ ಅಗಲ ತಳದ ಮೇಲೆ ಕೂತಿರುತ್ತದೆ. ಚಲಿಸಬೇಕಾದಾಗ ಮಾತ್ರ ಇಕ್ಕೆಲದ ಉದ್ದನೆಯ ಪಾದಗಳು ಕೆಳಗಿಳಿದು ದೇಹವನ್ನು ಎತ್ತಿ ಒಂದು ಹೆಜ್ಜೆ ಸರಿಸುತ್ತವೆ. 1960ರ ದಶಕದ ಕೊನೆಯಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಗಾಗಿ ರಾಲ್ಫ್ ಮೋಷರ್ ರೂಪಿಸಿದ ನಾಲ್ಕು ಕಾಲಿನ ವಾಕಿಂಗ್ ಟ್ರಕ್‌ನಲ್ಲಿ ಚಾಲಕ ತನ್ನ ಕೈಗಳಿಂದ ಮುಂಗಾಲುಗಳನ್ನೂ ಕಾಲುಗಳಿಂದ ಹಿಂಗಾಲುಗಳನ್ನೂ ನಡೆಸಬೇಕಿತ್ತು. ಬಹಳ ದಣಿಸುವ ಕೆಲಸ ಅದು. ಚಾಲಕನ ಕೋಣೆ ಬರೆಯುವಾಗ ಬೆವರು, ಪಟ್ಟಿಗಳು, ಸವೆದ ಹಿಡಿಗಳನ್ನು ಎಲ್ಲಿ ಇಡಬೇಕೆಂದು ಇದೊಂದೇ ಯಂತ್ರ ಕಲಿಸಿಬಿಡುತ್ತದೆ.

ಕಾಗದ, ಇಂಕು, ಜಲವರ್ಣ

ಕೆಸರು, ತುಕ್ಕು, ಹೊಗೆಗೆ ಇದನ್ನು ಮೀರಿಸಿದ್ದಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬೆರೆಸಿ ಬರುವ ಬೂದು ಬಣ್ಣ 300 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ತೂಕ) ಕೋಲ್ಡ್ ಪ್ರೆಸ್ ಎಂಬ ಒರಟು ಮೈಯ ಕಾಗದದ ಗುಳಿಗಳಲ್ಲಿ ಕಾಳುಕಾಳಾಗಿ ಕೂರುತ್ತದೆ. ಹಳೆಯ ಉಕ್ಕಿನ ಮೈ ತಾನಾಗಿಯೇ ಸಿಗುತ್ತದೆ. ತೊಂದರೆ ಏನೆಂದರೆ, ಅದೇ ಒರಟು ಮೈ ಮೇಲೆ ಸಣ್ಣ ಇಂಕಿನ ಗೆರೆ ತುಂಡಾಗುತ್ತದೆ. ನುಣುಪಾದ ಹಾಟ್ ಪ್ರೆಸ್ ಕಾಗದದಲ್ಲಿ ಗೆರೆ ಚೊಕ್ಕ, ಆದರೆ ಬಣ್ಣ ಕಾಳುಗಟ್ಟುವುದಿಲ್ಲ.

ಇದಕ್ಕೆ ಪರಿಹಾರ ಎರಡು ಹಾಳೆ. ಗೆರೆಗಳನ್ನು ನುಣುಪು ಹಾಳೆಯಲ್ಲಿ ನೀರು ತಾಗದ ಪಿಗ್ಮೆಂಟ್ ಇಂಕಿನಲ್ಲಿ ಬರೆದು, ಕಪ್ಪು-ಬಿಳುಪಾಗಿ 1200 ಡಿಪಿಐಗೆ (ಇಂಚಿಗೆ 1200 ಚುಕ್ಕೆ) ಸ್ಕ್ಯಾನ್ ಮಾಡಿ. ಆ ಗೆರೆಚಿತ್ರವನ್ನು ತೀರಾ ತಿಳಿಯಾಗಿ ಜಲವರ್ಣದ ಕಾಗದದ ಮೇಲೆ ಪ್ರಿಂಟ್ ತೆಗೆದು, ಅದರ ಮೇಲೆ ಬಣ್ಣ ಹಚ್ಚಿ, ಬಣ್ಣವನ್ನು ಬೇರೆಯಾಗಿ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಕೂಡಿಸಿ. ಪ್ರಿಂಟರಿನ ಇಂಕು ಪಿಗ್ಮೆಂಟ್ ಆಗಿರಲಿ. ಡೈ ಇಂಕು ಮೊದಲ ನೀರಿಗೇ ಹರಿಯುತ್ತದೆ. ಗೆರೆ ಮತ್ತು ಬಣ್ಣ ಬೇರೆಬೇರೆ ಇದ್ದರೆ ಮುದ್ರಣದಲ್ಲಿ ಗೆರೆಗಳನ್ನು ಬರೀ ಕಪ್ಪು ಶಾಯಿಯಲ್ಲಿ ಅಚ್ಚು ಹಾಕಿಸಬಹುದು, ಚುಕ್ಕೆಗಳಾಗಿ ಒಡೆಯುವುದಿಲ್ಲ. ಪೆನ್ನಿನ ಸಂಖ್ಯೆಯನ್ನು ಗೆರೆಯ ದಪ್ಪ ಎಂದುಕೊಳ್ಳಬೇಡಿ: ಪಿಗ್ಮಾ ಮೈಕ್ರಾನ್‌ನಲ್ಲಿ 01 ಎಂದರೆ 0.25 ಮಿ.ಮೀ., 005 ಎಂದರೆ 0.20 ಮಿ.ಮೀ. ಎ2ರಲ್ಲಿ ಬರೆದು ಎ3 ಜೋಡಿಪುಟಕ್ಕೆ ಇಳಿಸಿದರೆ ಎಲ್ಲವೂ ಸುಮಾರು 71 ಶೇಕಡಾಕ್ಕೆ ಕುಗ್ಗುತ್ತದೆ.

ಸ್ಕ್ಯಾನರಿನದು ಇನ್ನೊಂದು ಕಾಟ. ಸಂವೇದಕ ಗಾಜಿಗೆ ಒತ್ತಿಕೊಂಡಂತಿರುವ ತೆಳ್ಳನೆಯ ಸಿಐಎಸ್ ಸ್ಕ್ಯಾನರುಗಳಲ್ಲಿ ಫೋಕಸ್ ಆಳ ಬಹಳ ಕಡಿಮೆ. ನೀರಿಗೆ ಉಬ್ಬಿದ ಕಾಗದದ ಏರುಗಳಲ್ಲಿ ಚಿತ್ರ ಮಸುಕಾಗುತ್ತದೆ. ಕನ್ನಡಿ, ಲೆನ್ಸ್ ಇರುವ ದಪ್ಪನೆಯ ಸಿಸಿಡಿ ಸ್ಕ್ಯಾನರ್ ಸಿಕ್ಕರೆ ಅದನ್ನೇ ಬಳಸಿ, ಇಲ್ಲವೇ ಮೊದಲೇ ಹಾಳೆಯನ್ನು ನೆನೆಸಿ ಗಮ್ ಟೇಪಿನಿಂದ ಹಲಗೆಗೆ ಎಳೆದು ಅಂಟಿಸಿ ಒಣಗಿಸಿಕೊಂಡು ಬರೆಯಿರಿ. ಇಷ್ಟೆಲ್ಲ ಮಾಡಿದರೂ ಮೊದಲ ಪ್ರಶ್ನೆಯಲ್ಲಿ ಕಾಗದ ಸೋಲುತ್ತದೆ. ಅದೇ ಯಂತ್ರವನ್ನು ಬೇರೆ ಕೋನದಿಂದ ಬರೆಯುವಾಗ ತೊಡೆ ಉದ್ದವಾಗುತ್ತದೆ, ಫಿರಂಗಿ ಜರುಗುತ್ತದೆ.

ಟ್ಯಾಬ್ಲೆಟ್

ಪಕ್ಕನೋಟದಲ್ಲಿ ಇದೇ ಗೆದ್ದಿತು, ಅನುಮಾನವೇ ಇಲ್ಲ. ಎಂಜಿನ್, ಕೊಳವೆ, ಮದ್ದುಗುಂಡಿನ ಪೆಟ್ಟಿಗೆಗಳನ್ನು ಒಂದು ಲೇಯರಿನಲ್ಲಿ (ಪದರದಲ್ಲಿ) ಪೂರ್ತಿ ಬರೆದು, ಕವಚವನ್ನು ಮೇಲಿನ ಲೇಯರಿನಲ್ಲಿಟ್ಟು ಮಾಸ್ಕ್‌ನಿಂದ (ಅಳಿಸದೆ ಮರೆಮಾಡುವ ಉಪಾಯ) ಸೀಳಿದರೆ ಸಾಕು; ಎಷ್ಟು ತೆರೆಯಬೇಕೆಂದು ಕೊನೆಯವರೆಗೂ ಬದಲಿಸುತ್ತಿರಬಹುದು. ಜೋಡಿಪುಟಕ್ಕೆ ಸುತ್ತಲೂ 3 ಮಿ.ಮೀ. ಬ್ಲೀಡ್ (ಅಂಚು ಕತ್ತರಿಸಲು ಬಿಡುವ ಹೆಚ್ಚುವರಿ ಚಿತ್ರ) ಸೇರಿಸಿ 426 × 303 ಮಿ.ಮೀ., ಅಂದರೆ 300 ಡಿಪಿಐನಲ್ಲಿ 5032 × 3579 ಪಿಕ್ಸೆಲ್. ಐಪ್ಯಾಡಿನ ಚಿತ್ರ ತಂತ್ರಾಂಶ ಪ್ರೊಕ್ರಿಯೇಟ್‌ನಲ್ಲಿ ಕ್ಯಾನ್ವಾಸ್ ದೊಡ್ಡದಾದಷ್ಟೂ ಲೇಯರುಗಳ ಸಂಖ್ಯೆ ಇಳಿಯುತ್ತದೆ. ಮುದ್ರಣದ ನಾಲ್ಕು ಶಾಯಿಗಳ ಬಣ್ಣಪದ್ಧತಿಯಾದ ಸಿಎಂವೈಕೆ ಬೇಕಿದ್ದರೆ ಕ್ಯಾನ್ವಾಸ್ ತೆರೆಯುವಾಗಲೇ ಆರಿಸಿಕೊಳ್ಳಬೇಕು. ಕ್ರಿತಾ ಎಂಬ ಚಿತ್ರ ತಂತ್ರಾಂಶ ಉಚಿತ, ಸಿಎಂವೈಕೆ ಪ್ರೊಫೈಲುಗಳನ್ನೂ ನಿಭಾಯಿಸುತ್ತದೆ.

ಇಲ್ಲಿ ಕೆಡುವುದು ವಿವರ. ಹತ್ತಿರಕ್ಕೆ ಹಿಗ್ಗಿಸಿಕೊಂಡು ಬರೆಯುತ್ತಾ ಹೋದರೆ ಪುಟದ ಪ್ರತಿ ಮೂಲೆಯಲ್ಲೂ ಒಂದೇ ಗಾತ್ರದ ಮೊಳೆ, ತಿರುಪು, ಗೀರು ತುಂಬಿ, ಕಣ್ಣಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ಅಚ್ಚಿನ ಗಾತ್ರದಲ್ಲಿ ಇನ್ನೊಂದು ಕಿಟಕಿ ಸದಾ ತೆರೆದಿರಲಿ. ಅದರಲ್ಲಿ ಕಾಣದ ವಿವರವನ್ನು ಬರೆಯುವುದೇ ಬೇಡ. ಪರದೆ ಹಿಂದಿನಿಂದ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಪರದೆಯಲ್ಲಿ ಚೆನ್ನಾಗಿ ಕಂಡ ಕಪ್ಪುಮಿಶ್ರಿತ ಕಂದು ಅಚ್ಚಿನಲ್ಲಿ ಕುರುಡಾಗುತ್ತದೆ. ನಾಲ್ಕು ಶಾಯಿಗಳ ಮೊತ್ತ 300 ಶೇಕಡಾ ಮೀರಿದರೆ ಹಾಳೆ ಬೇಗ ಒಣಗದೆ ಎದುರು ಹಾಳೆಗೆ ಅಂಟುವ ಅಪಾಯವೂ ಇದೆ.

ಬ್ಲೆಂಡರ್ ಅಸ್ಥಿಪಂಜರ, ಮೇಲೆ ಕೈಗೆರೆ

ನಮ್ಮ ಮತ ಇದಕ್ಕೆ. ಆದರೆ ಒಂದು ಷರತ್ತಿನ ಮೇಲೆ: ಮಾದರಿ ಒರಟಾಗಿಯೇ ಉಳಿಯಬೇಕು. ಅಂಗೈಗಿಂತ ಚಿಕ್ಕದಾದ, ಹತ್ತು ಸೆಂಟಿಮೀಟರಿಗಿಂತ ಕಡಿಮೆಯ ಯಾವುದನ್ನೂ ಮಾಡೆಲ್ ಮಾಡಕೂಡದು. ತಿರುಪುಗಳನ್ನು ಕೂರಿಸಲು ಶುರು ಮಾಡಿದರೆ ಪುಸ್ತಕ ನಿಲ್ಲುತ್ತದೆ, ಮಾಡೆಲ್ ಮಾತ್ರ ಬೆಳೆಯುತ್ತದೆ.

ಕ್ರಮ ಹೀಗೆ. ಅಳತೆಯನ್ನು ನಿಜವಾದ ಮೀಟರುಗಳಲ್ಲೇ ಇಡಿ, ಪಕ್ಕದಲ್ಲಿ 1.7 ಮೀಟರಿನ ಮನುಷ್ಯನ ಬೊಂಬೆ ನಿಲ್ಲಿಸಿ. ಕಾಲಿಗೆ ನಾಲ್ಕು ತುಂಡು: ಸೊಂಟದ ಕೀಲು, ತೊಡೆ, ಮೊಣಕಾಲಿನ ಕೆಳಭಾಗ, ಪಾದ. ಪ್ರತಿ ತುಂಡಿನ ಒರಿಜಿನ್ ಬಿಂದು ಅದು ತಿರುಗುವ ಅಕ್ಷದ ನಡುವೆಯೇ ಇರಬೇಕು. ಬೇರೆಲ್ಲೋ ಇದ್ದರೆ ಕಾಲು ಮಡಚಿದಾಗ ಕೀಲು ಕಿತ್ತುಬರುತ್ತದೆ. ತುಂಡುಗಳನ್ನು ಜೋಡಿಸುವ ಮೊದಲು ಸ್ಕೇಲ್ ಅಪ್ಲೈ ಮಾಡಿ (ಹಿಗ್ಗಿಸಿದ ಅಳತೆಯನ್ನೇ ಮೂಲ ಅಳತೆಯಾಗಿಸಿ), ಇಲ್ಲವಾದರೆ ತಿರುಗಿಸಿದಾಗ ಆಕಾರ ಓರೆಯಾಗಿ ಎಳೆದುಕೊಳ್ಳುತ್ತದೆ. ಮೂಳೆಗಳನ್ನು ಹಾಕಿ ಐಕೆ (ಇನ್ವರ್ಸ್ ಕೈನೆಮ್ಯಾಟಿಕ್ಸ್) ಕೊಟ್ಟರೆ ಪಾದ ಎಳೆದಲ್ಲಿಗೆ ಕಾಲು ಬರುತ್ತದೆ. ಮೊಣಕಾಲು ಯಾವ ಕಡೆಗೆ ಮಡಚಬೇಕೆಂದು ಹೇಳುವ ಪೋಲ್ ಟಾರ್ಗೆಟ್ ಮರೆತರೆ ಮೊಣಕಾಲು ಇದ್ದಕ್ಕಿದ್ದಂತೆ ಹಿಂದುಮುಂದಾಗುತ್ತದೆ.

ಇಷ್ಟಾದ ಕೂಡಲೇ ಕಾಗದದಲ್ಲಿ ಎಂದೂ ಕಾಣದ ತಪ್ಪುಗಳು ಕಾಣತೊಡಗುತ್ತವೆ. ಮೊಣಕಾಲು ಮಡಚಿದಾಗ ಕೆಳಗಾಲಿನ ಕವಚ ತೊಡೆಯೊಳಗೆ ನುಗ್ಗುತ್ತದೆ. ಅಲ್ಲಿ ಕವಚವನ್ನು ಕತ್ತರಿಸಿ ರಬ್ಬರ್ ಹೊದಿಕೆ ಕೊಡಬೇಕೆಂದು ಗೊತ್ತಾಗುತ್ತದೆ. ಇನ್ನೂ ಮುಖ್ಯವಾದದ್ದು ಹೈಡ್ರಾಲಿಕ್ ಸಿಲಿಂಡರ್. ಒಳಗಿನ ದಂಡ ಸಿಲಿಂಡರಿನೊಳಗೇ ಅಡಗಬೇಕಾದ್ದರಿಂದ, ಒಂದೇ ಹಂತದ ಸಿಲಿಂಡರ್ ಚಾಚಿದಾಗ ಮುಚ್ಚಿದ ಉದ್ದದ ಎರಡು ಪಟ್ಟು ಮುಟ್ಟುವುದೇ ಇಲ್ಲ. ಕೈಯಲ್ಲಿ ಬರೆದ ಯಂತ್ರಗಳಲ್ಲಿ ಅದು ಮೂರು ಪಟ್ಟು ಚಾಚಿರುವುದು ಸಾಮಾನ್ಯ. ಸಿಲಿಂಡರ್ ಮತ್ತು ದಂಡ ಎರಡಕ್ಕೂ ಡ್ಯಾಂಪ್ಡ್ ಟ್ರ್ಯಾಕ್ ಹಾಕಿ ಒಂದನ್ನೊಂದು ನೋಡುವಂತೆ ಮಾಡಿದರೆ, ದಂಡ ಹೊರಗೆ ಕಳಚಿಬಿದ್ದದ್ದು ಕಣ್ಣಿಗೇ ಬೀಳುತ್ತದೆ. ಆಗ ಹಿಡಿತದ ಬಿಂದುವನ್ನು ಕೀಲಿನ ಹತ್ತಿರಕ್ಕೆ ಸರಿಸಿ: ಚಾಚಬೇಕಾದ ಉದ್ದ ಕಡಿಮೆಯಾಗುತ್ತದೆ, ಆದರೆ ಬೇಕಾಗುವ ಬಲ ಹೆಚ್ಚುತ್ತದೆ, ಹಾಗಾಗಿ ಸಿಲಿಂಡರನ್ನು ದಪ್ಪ ಬರೆಯಿರಿ.

ದೃಶ್ಯಕ್ಕೆ ಕ್ಯಾಮೆರಾ 1.6 ಮೀಟರ್ ಎತ್ತರದಲ್ಲಿ, ಲೆನ್ಸ್ 24ರಿಂದ 28 ಮಿ.ಮೀ. ಬೂದುಬಣ್ಣದ ರೆಂಡರ್ (ಮಾದರಿಯಿಂದ ತಂತ್ರಾಂಶ ತೆಗೆದ ಚಿತ್ರ) ಸಾಕು. ಅದನ್ನು ತಿಳಿಯಾಗಿ ಪ್ರಿಂಟ್ ತೆಗೆದು ಮೇಲೆ ಇಂಕಿನಲ್ಲಿ ಬರೆಯಿರಿ. ಬ್ಲೆಂಡರ್ ತಾನೇ ಎಳೆಯುವ ಫ್ರೀಸ್ಟೈಲ್ ಗೆರೆಗಳನ್ನೇ ನೇರವಾಗಿ ಅಚ್ಚಿಗೆ ಕಳಿಸಿದರೆ ಪುಟ ಕೈಪಿಡಿಯ ಹಾಗೆ ನಿರ್ಜೀವವಾಗುತ್ತದೆ. ಹೊರಅಂಚು ದಪ್ಪ, ಒಳಗೆರೆ ಸಣ್ಣ, ದೂರದ್ದು ಮುರಿದ ಗೆರೆ ಎಂಬ ತೀರ್ಮಾನ ಕೈಯೇ ಮಾಡಬೇಕು. ಪಾದದ ಸುತ್ತ ಉಬ್ಬಿದ ಕೆಸರಿನ ಅಂಚು, ಹಿಂದಿನ ಹೆಜ್ಜೆಗುರುತಿನಲ್ಲಿ ನಿಂತ ನೀರು – ಭಾರ ಕಾಣಿಸುವ ಇವೆರಡನ್ನು ಮಾಡೆಲ್ ಮಾಡದೆ ಕೈಯಲ್ಲೇ ಬರೆಯುವುದು ಬೇಗ.

ಪ್ಲಾಸ್ಟಿಕ್ ಮಾದರಿ ಮತ್ತು ಫೋಟೋ

ಮಾಡೆಲ್ ಕಿಟ್‌ಗಳ ಬಿಡಿಭಾಗ, 0.5 ಮತ್ತು 1 ಮಿ.ಮೀ. ಪಾಲಿಸ್ಟೈರೀನ್ ಹಾಳೆ, ಪ್ಲಾಸ್ಟಿಕ್ ಸಿಮೆಂಟ್, ಮೇಲೆ ಬೂದು ಪ್ರೈಮರ್. 1/35 ಪ್ರಮಾಣದಲ್ಲಿ ನಮ್ಮ ಯಂತ್ರ ಸುಮಾರು 26 ಸೆಂ.ಮೀ. ಎತ್ತರ. ಪಾಲಿಥೀನ್ ತುಂಡುಗಳನ್ನು ಈ ಸಿಮೆಂಟ್ ಹಿಡಿಯುವುದಿಲ್ಲ. ತುಂಡುಗಳನ್ನು ಎರಕ ಹೊಯ್ದ ಅಚ್ಚಿನಿಂದ ಉಳಿದ ಎಣ್ಣೆಯಂಶವನ್ನು ಸೋಪಿನ ನೀರಲ್ಲಿ ತೊಳೆಯದಿದ್ದರೆ ಪ್ರೈಮರ್ ಎದ್ದುಬರುತ್ತದೆ. ಕ್ಯಾಮೆರಾ ಕಣ್ಣು ಅದೇ ಪ್ರಮಾಣದ ಮನುಷ್ಯ ಬೊಂಬೆಯ ಕಣ್ಣಿನ ಮಟ್ಟದಲ್ಲಿರಬೇಕು: 1/35ಕ್ಕೆ ನೆಲದಿಂದ 46 ಮಿ.ಮೀ., 1/72ಕ್ಕೆ 22 ಮಿ.ಮೀ. ಹಿನ್ನೆಲೆ ಮಸುಕಾದ ಕೂಡಲೇ ಆಟಿಕೆ ಎಂದು ತಿಳಿದುಬಿಡುತ್ತದೆ, ಆದ್ದರಿಂದ ಎಫ್/11ರಷ್ಟು ಕಿರಿದಾದ ಲೆನ್ಸ್ ರಂಧ್ರದಲ್ಲಿ ಫೋಕಸ್ ಸರಿಸುತ್ತಾ ಹಲವು ಫೋಟೋ ತೆಗೆದು ಕೂಡಿಸಿ. ಬೆಳಕಿನ ಬೀಳುವಿಕೆ ಇಲ್ಲಿ ಸಿಕ್ಕಷ್ಟು ಸಹಜವಾಗಿ ಬೇರೆಲ್ಲೂ ಸಿಗಲಿಲ್ಲ. ಆದರೆ ವಿನ್ಯಾಸ ಬದಲಾದರೆ ಗರಗಸ ಹಿಡಿಯಬೇಕು, ಸೀಳುನೋಟವಂತೂ ಆಗದ ಮಾತು. ಮುಖಪುಟದ ಬೆಳಕಿಗೆ ಮಾದರಿಯಾಗಿ ಇಟ್ಟುಕೊಳ್ಳಿ, ಪುಸ್ತಕಕ್ಕೆ ಇದನ್ನೇ ನಂಬಬೇಡಿ.

ಪುಟ ಹಂಚುವಾಗ

ಜೋಡಿಪುಟದ ದೃಶ್ಯಗಳಿಗೆ ಬ್ಲೆಂಡರ್ ಮೇಲೆ ಇಂಕು ಮತ್ತು ಬೇರೆ ಹಾಳೆಯ ಜಲವರ್ಣ, ಸೀಳುನೋಟಗಳಿಗೆ ಟ್ಯಾಬ್ಲೆಟ್, ಸಿಬ್ಬಂದಿಯ ಸಣ್ಣ ಚಿತ್ರಗಳಿಗೆ ನೇರ ಕಾಗದ, ಅಲ್ಲಿ ಅಳತೆಗಿಂತ ಮನುಷ್ಯರ ಮೈಭಂಗಿ ಮುಖ್ಯ. ಮೂರೂ ಒಂದೇ ಪುಸ್ತಕದ್ದೆನಿಸಲು ಎಲ್ಲಕ್ಕೂ ಅದೇ ಎರಡು ಗೆರೆದಪ್ಪ, ಅದೇ ಐದಾರು ಬಣ್ಣ ಸಾಕು.

ಬೈಂಡಿಂಗ್‌ನಲ್ಲಿ ಆಯ್ಕೆ ಸುಲಭ. ಬೆನ್ನಿಗೆ ಅಂಟು ಹಚ್ಚಿ ಕಟ್ಟುವ ಪರ್ಫೆಕ್ಟ್ ಬೈಂಡಿಂಗ್ ಪುಸ್ತಕ ಚಪ್ಪಟೆಯಾಗಿ ತೆರೆಯುವುದಿಲ್ಲ, ಜೋಡಿಪುಟದ ನಡುಭಾಗವನ್ನು ನುಂಗುತ್ತದೆ. 16 ಪುಟದ ಫಾರಂಗಳನ್ನು (ಮಡಚಿದ ಕಂತೆಗಳನ್ನು) ಹೊಲಿದು ಕಟ್ಟಿದರೆ ಚೆನ್ನಾಗಿ ತೆರೆದುಕೊಳ್ಳುತ್ತದೆ. 64 ಪುಟಕ್ಕೆ ನಾಲ್ಕೇ ಫಾರಂ. ಹಾಗಿದ್ದರೂ ನಡುಗೆರೆಯ ಎರಡೂ ಬದಿ 10 ಮಿ.ಮೀ. ಒಳಗೆ ಮುಖ, ಕೀಲು, ಅಕ್ಷರ ಯಾವುದನ್ನೂ ತರಬೇಡಿ. ಕಾಗದ 150 ಜಿಎಸ್‌ಎಂ ಮ್ಯಾಟ್ ಒಳ್ಳೆಯದು. ಲೇಪವಿಲ್ಲದ ಕಾಗದ ಕೈಗೆ ಹಿತ, ಜಲವರ್ಣಕ್ಕೂ ಒಪ್ಪುತ್ತದೆ, ಆದರೆ ಶಾಯಿ ಹೀರಿ ಹರಡಿ ನೆರಳಿನೊಳಗಿನ ವಿವರ ಮುಚ್ಚಿಹೋಗುತ್ತದೆ. ಅದನ್ನೇ ಆರಿಸಿದರೆ ನೆರಳುಗಳನ್ನು ಮೊದಲೇ ತಿಳಿಗೊಳಿಸಿ.

ಭಾಗಗಳ ಹೆಸರನ್ನು ಚಿತ್ರದೊಳಗೇ ಬರೆದು ಬೆರೆಸಬೇಡಿ. ಚಿತ್ರ ಬಿಡಿಸುವ ಕೆಲವು ತಂತ್ರಾಂಶಗಳಲ್ಲಿ ಕನ್ನಡದ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ನಿಲ್ಲುತ್ತದೆ. ಯುನಿಕೋಡ್ ಫಾಂಟಿನಲ್ಲಿ ಪುಟವಿನ್ಯಾಸದ ಹಂತದಲ್ಲೇ ಹಾಕಿ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್ ಆದರೆ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಂಡು, ಸ್ಕ್ರೈಬಸ್ ಆದರೆ 1.5.3 ಅಥವಾ ನಂತರದ ಆವೃತ್ತಿಯಲ್ಲಿ. 9 ಪಾಯಿಂಟ್ ಅಕ್ಷರಕ್ಕೆ 14 ಪಾಯಿಂಟ್ ಸಾಲಂತರ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವುದಿಲ್ಲ. ಪ್ರೆಸ್ಸಿಗೆ ಕಳಿಸುವ ಮುನ್ನ ಅತಿ ಕಪ್ಪಾದ ಒಂದು ಜೋಡಿಪುಟ, ಅತಿ ತಿಳಿಯಾದ ಒಂದು, ಅತಿ ಹೆಚ್ಚು ಹೆಸರುಗಳಿರುವ ಸೀಳುನೋಟ ಒಂದು – ಈ ಮೂರನ್ನು ಪುಸ್ತಕದ್ದೇ ಕಾಗದದ ಮೇಲೆ ಪ್ರೂಫ್ ತೆಗೆಸಿ, ಪರದೆಯ ಪಕ್ಕದಲ್ಲಲ್ಲ, ಹಗಲು ಬೆಳಕಿನಲ್ಲಿ ಇಟ್ಟು ನೋಡಿ.