ಮಗು ಕಳೆದುಕೊಂಡವರಿಗೆ ಫೋನ್ ಕೌನ್ಸೆಲಿಂಗ್: ನನ್ನ ಅನುಭವ

ಹೆರಿಗೆಯಲ್ಲೇ ಮಗು ಹೋದ ಮೇಲೆ ಎಲ್ಲರೂ 'ಇನ್ನೊಂದು ಆಗುತ್ತೆ ಬಿಡು' ಅಂದರು. ಇಲ್ಲಿ ಫೋನ್ ಎತ್ತಿದವರು ಮೊದಲು ಕೇಳಿದ್ದೇ ಮಗುವಿಗೆ ಏನು ಹೆಸರಿಟ್ಟಿದ್ದೀರಿ ಅಂತ. ಅಳು ತಡೆಯಲು ಆಗಲಿಲ್ಲ.

ಮಗು ಇಲ್ಲದಿದ್ದರೂ ಎದೆಹಾಲು ಬರುತ್ತೆ ಅಲ್ವಾ, ಅದನ್ನು ನನಗೆ ಯಾರೂ ಹೇಳಿರಲಿಲ್ಲ. ತಣ್ಣನೆ ಬಟ್ಟೆ ಇಡಿ, ಸರಿಯಾಗಿ ಕೂರುವ ಬ್ರಾ ಹಾಕಿ, ಪೂರ್ತಿ ಹಿಂಡಬೇಡಿ, ತೀರಾ ಬಿಗಿದರೆ ಸ್ವಲ್ಪ ಮಾತ್ರ ತೆಗೆಯಿರಿ, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ ಅಂತ ಬಿಡಿಸಿ ಹೇಳಿದರು. ಹೆರಿಗೆ ನಂತರದ ಖಿನ್ನತೆ ಇದೆಯಾ ಅಂತ ನೋಡುವ ಎಡಿನ್‌ಬರೋ ಸ್ಕೇಲ್‌ನ 10 ಪ್ರಶ್ನೆಗಳನ್ನೂ ಕೇಳಿದರು. ಕೊನೆಯದು, ನಿಮಗೆ ನೀವೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯಾ ಅಂತ. ನೇರವಾಗಿ ಕೇಳಿದ್ದು ಒಳ್ಳೆಯದಾಯಿತು, ಸುಮ್ನೆ ಸುತ್ತಿ ಬಳಸಲಿಲ್ಲ.

ಕೊರತೆ ಅಂದರೆ ರಾತ್ರಿ ಲೈನ್ ಸಿಗಲ್ಲ, ಸಂಕಟ ಜಾಸ್ತಿ ಆಗುವುದೇ ಆಗ. ನನ್ನ ಗಂಡನನ್ನೂ ವಿಚಾರಿಸಲಿಲ್ಲ (ಅವರೂ ಅಪ್ಪ ತಾನೇ!), ನಾನೇ ಕೇಳಿದ ಮೇಲೆ ಅವರಿಗೆ ಬೇರೆ ಸಮಯ ಕೊಟ್ಟರು.