ಮಾಯನ್ನರ ಕಲ್ಲಿನ ಫಿಲ್ಟರ್: ಎರಡು ತಿಂಗಳು ಬಳಸಿ ನೋಡಿದ್ದು

ಬೇಸಿಗೆ ಶುರುವಾಗೋ ಮುಂಚೆ ರಾಯಚೂರಿನ ಒಂದು ಅಂಗಡಿಯಲ್ಲಿ 2,800 ರೂಪಾಯಿ ಕೊಟ್ಟು ಈ ಫಿಲ್ಟರ್ ತಂದೆ. ಒಂದರ ಮೇಲೊಂದು ಎರಡು ಡಬ್ಬಿ. ಮೇಲಿನದರಲ್ಲಿ ಮರಳು, ಅದರಡಿ ಜಿಯೋಲೈಟ್ ಅನ್ನೋ ಬೂದುಗಲ್ಲಿನ ಚೂರು. ಕರೆಂಟ್ ಬೇಡ. "ಮಾಯನ್ನರ ಟೆಕ್ನಾಲಜಿ ಅಣ್ಣಾರ, ಎರಡು ಸಾವಿರ ವರ್ಷದ್ದು, ಬೋರಿನ ಫ್ಲೋರೈಡೂ ಹೋಗ್ತದ ನೋಡ್ರಿ" ಅಂದರು ಅಂಗಡಿಯವರು. ಮಾಯನ್ನರು ಅಂದರೆ ಮಧ್ಯ ಅಮೆರಿಕದ ಹಳೇ ನಾಗರಿಕತೆಯ ಜನ.

ಟ್ಯಾಂಕರ್ ನೀರಿಗೆ ಇದು ನಿಜವಾಗಿಯೂ ಚೆನ್ನಾಗಿದೆ. ಕೆಂಪು ರಾಡಿ ನೀರು ಒಂದು ಕೊಡ ಸುರಿದರೆ ತಾಸಿನೊಳಗೆ ಕೆಳಗಡೆ ತಿಳಿ ನೀರು, ವಾಸನೆಯೂ ಕಮ್ಮಿ. ಆದರೂ ನಾವು ಕುದಿಸಿಯೇ ಕುಡಿಯುತ್ತಿದ್ದೆವು.

ಮಾಯನ್ನರ ಹೆಸರೂ ಸುಮ್ನೆ ಹಾಕಿದ್ದಲ್ಲ. ಗ್ವಾಟೆಮಾಲಾ ದೇಶದಲ್ಲಿ ಅವರು ಕಟ್ಟಿದ್ದ ತಿಕಾಲ್ ಪಟ್ಟಣದ ಒಂದು ಕೆರೆಯಲ್ಲಿ ಜಿಯೋಲೈಟ್, ಸ್ಫಟಿಕ ಮರಳು ಹಾಕಿ ನೀರು ಸೋಸುತ್ತಿದ್ದ ಗುರುತು ಸಿಕ್ಕಿದೆ ಅಂತ 2020ರಲ್ಲಿ ಸಂಶೋಧಕರು ಪ್ರಕಟಿಸಿದರು. ಆ ಕಲ್ಲು ಸುಮಾರು 30 ಕಿಲೋಮೀಟರ್ ದೂರದಿಂದ ಬಂದದ್ದು. ಗಾಡಿಯಿಲ್ಲ, ಎತ್ತಿಲ್ಲ, ಹೊತ್ತೇ ತಂದಿರಬೇಕು! ಊರಿನ ಅಂಗಳಗಳಿಗೆ ಸುಣ್ಣದ ಗಾರೆ ಬಳಿದು, ಇಳಿಜಾರು ಮಾಡಿ, ಬಿದ್ದ ಮಳೆಯನ್ನೆಲ್ಲ ಕೆರೆಗೆ ತಿರುಗಿಸುತ್ತಿದ್ದರು. ಹಂಪಿ, ಆನೆಗೊಂದಿ ಕಡೆಯ ಹಳೇ ಕಾಲುವೆ ನೋಡಿ ಬೆಳೆದ ನಮಗೆ ಈ ಜಾಣತನದ ಬೆಲೆ ಗೊತ್ತಾಗುತ್ತದೆ ಅಲ್ವಾ. ಆದರೆ ಅದೇ ತಿಕಾಲ್‌ನಲ್ಲಿ ಅರಮನೆ ಪಕ್ಕದ ಕೆರೆಗೆ ಪಾದರಸ ಸೇರಿತ್ತು. ಗೋಡೆಗೆ ಬಳಿದ ಕೆಂಪು ಬಣ್ಣದಿಂದ ಮಳೆಯಲ್ಲಿ ತೊಳೆದು ಬಂದದ್ದು.

ಇನ್ನು ಫ್ಲೋರೈಡ್. ನಮ್ಮ ಬೋರ್ ನೀರು ಕುಡಿದು ಅಕ್ಕನ ಮಗಳ ಹಲ್ಲಿಗೆ ಕಂದು ಕಲೆ ಬಿದ್ದಿದೆ, ಇದನ್ನು ತಂದದ್ದೇ ಅವಳಿಗೋಸ್ಕರ. ಸೋಸಿದ ನೀರನ್ನು ಟೆಸ್ಟ್ ಕಿಟ್‌ನ ಪುಟ್ಟ ಬಾಟಲಿಗೆ ಹಾಕಿ ಔಷಧಿ ಬಿಟ್ಟೆವು. ಗುಲಾಬಿ ಉಳಿಯಬೇಕಿತ್ತು, ಹಳದಿಗೆ ತಿರುಗಿತು, ಅಂದರೆ ಫ್ಲೋರೈಡ್ ಇದೆ. ಸೋಸದ ನೀರೂ ಅದೇ ಹಳದಿ. ಆಮೇಲೆ ಓದಿ ತಿಳಿದುಕೊಂಡೆ, ಜಿಯೋಲೈಟ್ ಹಿಡಿಯೋದು ಅಮೋನಿಯಂ, ಸೀಸದಂಥ ಧನ ಅಯಾನುಗಳನ್ನು, ಅಂದರೆ ಪ್ಲಸ್ ವಿದ್ಯುದಂಶ ಇರೋ ಕಣಗಳನ್ನು. ಫ್ಲೋರೈಡ್ ಋಣ ಅಯಾನು, ಅಂದರೆ ಮೈನಸ್, ಹಾಗೇ ದಾಟಿಕೊಂಡು ಬರುತ್ತದೆ. ಅದಕ್ಕೆ ಆರ್‌ಓ ಮಷಿನ್ ಬೇಕು, ಇಲ್ಲವೇ ಆಕ್ಟಿವೇಟೆಡ್ ಅಲ್ಯೂಮಿನಾ ಅನ್ನೋ ಹರಳಿನ ಫಿಲ್ಟರ್. ಹೋಗಿ ಹೇಳಿದರೆ ದುಡ್ಡು ವಾಪಸ್ ಕೊಡಲಿಲ್ಲ.

ನನಗೆ ಇದಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ಡಬ್ಬಿಯೊಳಗಿದ್ದ ಚೀಟಿ ಓದಿ. ಹವಾಮಾನ ಬದಲಾವಣೆ ಅನ್ನೋದೇ ಸುಳ್ಳಂತೆ, ಮಾಯನ್ನರ ಕಾಲದಲ್ಲೂ ಬರ ಬಂದಿತ್ತಂತೆ, ಆಗ ಕಾರ್ ಇತ್ತಾ ಅಂತ ಪ್ರಶ್ನೆ. ಬರ ಬಂದದ್ದು ನಿಜ. ಮೆಕ್ಸಿಕೋದ ಚಿಚಾಂಕನಾಬ್ ಸರೋವರದ ತಳದ ಕೆಸರಿನಲ್ಲಿ ಜಿಪ್ಸಂ ಪದರಗಳಿವೆ, ನೀರು ಆರಿ ಇಳಿದಾಗ ಕೂಡುವಂಥವು, ಕ್ರಿ.ಶ. 800ರಿಂದ 1000ದ ನಡುವೆ ಮತ್ತೆ ಮತ್ತೆ ಬರ ಬಿದ್ದದ್ದನ್ನು ಅವು ತೋರಿಸುತ್ತವೆ. ಹೆಚ್ಚುಕಮ್ಮಿ ಅದೇ ಕಾಲಕ್ಕೆ ತಿಕಾಲ್ ಖಾಲಿಯಾಯಿತು, ಅಷ್ಟೆಲ್ಲಾ ಕೆರೆ ಕಟ್ಟಿದ್ದರೂ. ಇದನ್ನು ಓದಿದವನಿಗೆ ಹೆದರಿಕೆ ಆಗಬೇಕಲ್ಲ, ಧೈರ್ಯ ಹೇಗೆ ಬಂತು? ಸಿಡಿಲು ಬಡಿದು ಬಣವೆ ಸುಟ್ಟದ್ದುಂಟು, ಹಾಗಂತ ಬೀಡಿ ಎಸೆದು ಸುಟ್ಟವನೇ ಇಲ್ಲ ಅನ್ನೋಕಾಗುತ್ತಾ?

ಭೂಮಿ ಕಾಯೋದೆಲ್ಲಾ ಸೂರ್ಯನಿಂದ ಅಂತಲೂ ಆ ಚೀಟಿಯಲ್ಲಿ ಬರೆದಿದ್ದಾರೆ. ಸೂರ್ಯನಿಂದಲೇ ಆಗಿದ್ದರೆ ವಾಯುಮಂಡಲದ ಮೇಲಿನ ಪದರವೂ ಕಾಯಬೇಕಿತ್ತು, ಅದು ತಣ್ಣಗಾಗುತ್ತಿದೆ, ಕಾಯುತ್ತಿರೋದು ಕೆಳಗೆ. ಕಾರ್ಖಾನೆಗಳ ಕಾಲಕ್ಕಿಂತ ಮುಂಚೆ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 280 ಪಾಲಿದ್ದ, ಶಾಖ ಹಿಡಿದಿಡುವ ಇಂಗಾಲದ ಡೈಆಕ್ಸೈಡ್, ಕಲ್ಲಿದ್ದಲು, ಎಣ್ಣೆ ಸುಟ್ಟು ಈಗ 420 ದಾಟಿದೆ. ನಮ್ಮ ಶಕ್ತಿನಗರದಲ್ಲೇ 1,720 ಮೆಗಾವಾಟ್ ಕಲ್ಲಿದ್ದಲಿನ ಸ್ಥಾವರ ಇದೆ. ಆ ಕರೆಂಟ್ ನಮಗೆ ಬೇಕು, ಬೇಡ ಅನ್ನಲ್ಲ. ಅದರ ಹೊಗೆಯಿಂದ ಏನೂ ಆಗಲ್ಲ ಅಂತ ಮಾತ್ರ ಹೇಳಬೇಡಿ.

ತಗೊಳ್ಳೋದಾದರೆ ಟ್ಯಾಂಕರ್ ನೀರಿಗೆ ತಗೊಳ್ಳಿ. ಬೋರ್ ನೀರಾದರೆ ಮೊದಲು ಟೆಸ್ಟ್ ಮಾಡಿಸಿ. ನಾವು ಕುಡಿಯೋಕೆ ಈಗ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಿದ್ದೇವೆ.