ಚಿಕ್ಕಮಗಳೂರಿನ ಫ್ರೇಮ್ ಅಂಗಡಿಯಲ್ಲಿ ಕಾರ್ಡಿನಲ್ ರಿಶೆಲ್ಯೂ

ಎಂ.ಜಿ. ರಸ್ತೆ ಹತ್ತಿರದ ಒಂದು ಪುಟ್ಟ ಅಂಗಡಿ. ಗೋಡೆ ತುಂಬಾ ದೇವರ ಪಟ, ಮದುವೆ ಫೋಟೊ. ಅಲ್ಲಿ ನಾನು ಪ್ರಿಂಟ್ ಹಾಕಿಸಿ ಕಟ್ಟು ಹಾಕಿಸಿದ್ದು ಫ್ರಾನ್ಸಿನ ಹಿರಿಯ ಕ್ಯಾಥೊಲಿಕ್ ಧರ್ಮಗುರು, ರಾಜನ ಮುಖ್ಯ ಮಂತ್ರಿಯೂ ಆಗಿದ್ದ ಕಾರ್ಡಿನಲ್ ರಿಶೆಲ್ಯೂ ಚಿತ್ರಕ್ಕೆ. ಫಿಲಿಪ್ ದ ಶಾಂಪೇನ್ 1642ರ ಸುಮಾರಿಗೆ ಬರೆದದ್ದು, ಮೂಲ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಒಂದೇ ಕ್ಯಾನ್ವಾಸಿನಲ್ಲಿ ಅದೇ ಮನುಷ್ಯ ಮೂರು ಸಲ, ಯಾಕಂದ್ರೆ ರೋಮ್‌ನಲ್ಲಿ ಕೂತು ಮೂರ್ತಿ ಕೆತ್ತುವ ಶಿಲ್ಪಿಗೆ ಮುಖ ಎಲ್ಲ ಕಡೆಯಿಂದ ಕಾಣಬೇಕಿತ್ತು. ಬಲಗಡೆ ತಲೆಯ ಮೇಲೆ 'ಎರಡು ಪಕ್ಕದ ನೋಟಗಳಲ್ಲಿ ಇದೇ ಚೆನ್ನಾಗಿದೆ' ಅಂತ ಫ್ರೆಂಚಿನಲ್ಲಿ ಬರೆದೂ ಇದೆ! ಎಷ್ಟು ಚೆಂದ ಅಲ್ವಾ?

ಮೊದಲ ಪ್ರಿಂಟಿನಲ್ಲಿ ಆ ಕೆಂಪು ನಿಲುವಂಗಿ ಕಿತ್ತಳೆ ಆಗಿಬಿಟ್ಟಿತ್ತು. ತುಂಬಾ ಬೇಜಾರಾಯಿತು, ಇಡೀ ಚಿತ್ರದ ಜೀವವೇ ಆ ಕೆಂಪು. ತೋರಿಸಿದೆ. ಅಂಗಡಿ ಯಜಮಾನರು ವಾದ ಮಾಡಲಿಲ್ಲ, ನನ್ನನ್ನೇ ಕಂಪ್ಯೂಟರ್ ಮುಂದೆ ಕೂರಿಸಿಕೊಂಡು ಬಣ್ಣ ಸರಿಮಾಡಿ, ದಪ್ಪ ಮ್ಯಾಟ್ ಪೇಪರಿನಲ್ಲಿ ಮತ್ತೆ ತೆಗೆದುಕೊಟ್ಟರು, ದುಡ್ಡೂ ಜಾಸ್ತಿ ಕೇಳಲಿಲ್ಲ. ಈಗ ಗಡ್ಡದ ನರೆಕೂದಲೂ ಕಾಣುತ್ತದೆ.

ಎರಡು ವಾರ ಕಾಯಬೇಕಾಯಿತು, ಅದೊಂದು ಕೊರತೆ. ಹೋದರೆ ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಇಡುವ ದಪ್ಪ ರಟ್ಟು) ಹಾಕಲು ಮರೆಯದೆ ಹೇಳಿ, ನಮ್ಮ ಮಳೆಗಾಲದ ಥಂಡಿಗೆ ಪೇಪರ್ ಗಾಜಿಗೆ ಅಂಟಿಕೊಂಡುಬಿಡುತ್ತದೆ.